ಸೈಕಲ್ಲಿನ ಬಣ್ಣ ಯಾರ ಆಯ್ಕೆ, ಬಣ್ಣದ ಗುಣ ಯಾರ ಹೊಣೆ?

ಸೈಕಲ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ಬೆಲೆಯನ್ನು. ಎರಡನೆಯದಾಗಿ ಕೇಳುವುದು ಬಣ್ಣವನ್ನು. ಉಕ್ಕಿನ ಕೊಳವೆಯ ದಪ್ಪವೆಷ್ಟು, ಬೆಸುಗೆ ಗಟ್ಟಿಯಿದೆಯೇ, ಬಣ್ಣದ ಕೆಳಗೆ ತುಕ್ಕುನಿರೋಧಕ ಪದರವಿದೆಯೇ ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಮೂಡುವುದೇ ಇಲ್ಲ. ಇದನ್ನು ಕಂಡು, ಬಣ್ಣದ ಮೋಹವೆಂಬುದು ಕೊಳ್ಳುಬಾಕತನದ ಒಂದು ರೂಪವೆಂದು ತಳ್ಳಿಹಾಕುವುದು ನಮ್ಮಂಥ ಪರಿಸರಾಸಕ್ತರಿಗೆ ಸುಲಭ. ಆದರೆ ಬಣ್ಣದ ಇಷ್ಟಾನಿಷ್ಟಗಳು ಅಷ್ಟು ಹಗುರವಾದ ವಿಷಯವಲ್ಲ. ಈ ಲೇಖನದ ವಾದ ಇಷ್ಟೆ: ಸೈಕಲ್ಲಿನ ಬಣ್ಣವನ್ನು ಆರಿಸುವ ಹಕ್ಕು ಅದನ್ನು ತುಳಿಯುವವರದು, ಆ ಬಣ್ಣದ ಗುಣವನ್ನು ಖಾತ್ರಿಪಡಿಸುವ ಹೊಣೆ ತಯಾರಕರದು ಮತ್ತು ಸರ್ಕಾರದ್ದು. ನಮ್ಮಲ್ಲಿ ಇವೆರಡೂ ತಲೆಕೆಳಗಾಗಿವೆ. ಸರ್ಕಾರ ಬಣ್ಣವನ್ನು ನಿರ್ಧರಿಸುತ್ತದೆ. ಗುಣವನ್ನು ಸವಾರನ ಅದೃಷ್ಟಕ್ಕೆ ಬಿಡುತ್ತದೆ.

ಬೆಟ್ಟಗುಡ್ಡಗಳ ನಡುವಿನಿಂದ ಹೊರಡುವ ಈ ಪತ್ರಿಕೆಯಲ್ಲಿ ಮಂಡ್ಯ ಜಿಲ್ಲೆಯ ಸೈಕಲ್ಲುಗಳ ಮಾತೇಕೆಂದು ಓದುಗರು ಕೇಳಬಹುದು. ಏರುದಾರಿಯಲ್ಲಿ ಸೈಕಲ್ ತುಳಿಯುವುದಕ್ಕಿಂತ ತಳ್ಳುವುದೇ ಹೆಚ್ಚು. ಅದರ ನಿಜವಾದ ನೆಲೆ ಬಯಲು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ನಾಲೆಯ ಏರಿ, ಕಬ್ಬಿನ ಗದ್ದೆಯ ಬದು, ಹಾಲಿನ ಡೇರಿ, ಸಂತೆಮಾಳ, ಪ್ರೌಢಶಾಲೆಯ ಅಂಗಳ ಇವೆಲ್ಲವೂ ಸೈಕಲ್ಲಿಗೆ ಒಗ್ಗಿದ ಜಾಗಗಳು. ನಮಗೂ ಆ ಸೀಮೆಗೂ ನೀರಿನ ನಂಟಿದೆ. ಮೂಡಿಗೆರೆಯ ಸೀಮೆಯಲ್ಲಿ ಹುಟ್ಟುವ ಹೇಮಾವತಿ ಕೆ.ಆರ್. ಪೇಟೆ ತಾಲ್ಲೂಕನ್ನು ಹಾದು ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತದೆ. ನಾಗಮಂಗಲ, ಪಾಂಡವಪುರಗಳ ಕಡೆಯಿಂದ ಬರುವ ಲೋಕಪಾವನಿ ಶ್ರೀರಂಗಪಟ್ಟಣದ ಬಳಿ ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಸೇರುತ್ತದೆ. ಲೋಹದ ಮೇಲಿನಿಂದ ಉದುರಿದ ಬಣ್ಣ ಮಳೆನೀರಿನೊಡನೆ ಎಲ್ಲಿಗೆ ಹೋಗುತ್ತದೆಂಬುದನ್ನು ನದಿಯ ತಲೆಯಲ್ಲಿರುವವರೂ ಯೋಚಿಸಬೇಕು, ಕೆಳಗಿರುವವರೂ ಯೋಚಿಸಬೇಕು.

ಕಪ್ಪಿನ ಕಾಲ

ಮೂರು ನಾಲ್ಕು ದಶಕಗಳ ಕಾಲ ನಮ್ಮ ಹಳ್ಳಿಗಳಲ್ಲಿ ಸೈಕಲ್ ಎಂದರೆ ಕಪ್ಪು ಸೈಕಲ್. ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್ ಸಂಸ್ಥೆಯ ಹರ್ಕ್ಯುಲಿಸ್, ಸೋನಿಪತ್‌ನಲ್ಲಿ 1951ರಲ್ಲಿ ಆರಂಭವಾದ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ತಯಾರಿಕೆ ಶುರುಮಾಡಿದ ಹೀರೋ, ಹೀಗೆ ಹೆಸರುಗಳು ಬೇರೆಯಾದರೂ ಬಣ್ಣ ಒಂದೇ. ಇಂಗ್ಲೆಂಡಿನ ಕಾರ್ಖಾನೆಗಳಿಂದ ಬಂದ ಈ ಪದ್ಧತಿಗೆ ಕೇವಲ ರುಚಿ ಕಾರಣವಲ್ಲ. ಕಲ್ಲರಗಿನ ಜಾತಿಯ ಕಪ್ಪು ವಸ್ತುವನ್ನು ಅಗಸೆ ಎಣ್ಣೆಯಲ್ಲಿ ಕರಗಿಸಿ, ಲೋಹದ ಮೇಲೆ ಬಳಿದು, ಕುಲುಮೆಯಲ್ಲಿ ಬೇಯಿಸಿದರೆ ಗಾಜಿನಂತೆ ಗಟ್ಟಿಯಾದ ಪದರ ದೊರೆಯುತ್ತಿತ್ತು. ಅಂದಿನ ಯಾವ ಬಣ್ಣವೂ ಬಾಳಿಕೆಯಲ್ಲಿ ಇದಕ್ಕೆ ಸುಲಭವಾಗಿ ಸಾಟಿಯಾಗುತ್ತಿರಲಿಲ್ಲ. ಮುಂದೆ ಬಂದ ಕಪ್ಪು ಎನಾಮಲ್ಲಿನ ಮೂಲದ್ರವ್ಯ ಇಂಗಾಲದ ಮಸಿ. ಅದು ಬಿಸಿಲಿನ ನೇರಳಾತೀತ ಕಿರಣಗಳನ್ನು ತಾನೇ ಹೀರಿಕೊಂಡು ಕೆಳಗಿನ ಪದರವನ್ನು ಕಾಯುತ್ತದೆ. ಕೆಂಪು ಬಣ್ಣ ವರ್ಷಗಳು ಕಳೆದಂತೆ ಗುಲಾಬಿಯಾಗುತ್ತದೆ. ಕಪ್ಪು ಮಾಸುತ್ತದೆಯೇ ಹೊರತು ಬೇರೆ ಬಣ್ಣವಾಗುವುದಿಲ್ಲ.

ಆ ಕಪ್ಪಿನಲ್ಲಿಯೂ ಸೊಬಗಿತ್ತು. ಫ್ರೇಮಿನ ಕೊಳವೆಗಳ ಮೇಲೆ ಕೂದಲೆಳೆಯಷ್ಟು ಸಣ್ಣನೆಯ ಚಿನ್ನದ ಬಣ್ಣದ ಗೆರೆ, ಚೈನ್ ಕವರಿನ ಮೇಲೆ ಕಂಪನಿಯ ಹೆಸರು, ಹಿಂದಿನ ಮಡ್‌ಗಾರ್ಡಿನ ತುದಿಯಲ್ಲಿ ಬಿಳಿಯ ಪಟ್ಟಿ. ಆ ಬಿಳಿಪಟ್ಟಿ ಅಲಂಕಾರಕ್ಕೆ ಇದ್ದದ್ದಲ್ಲ; ಕತ್ತಲೆಯಲ್ಲಿ ಹಿಂದಿನಿಂದ ಬರುವವರಿಗೆ ಸೈಕಲ್ ಕಾಣಲೆಂದು ಇದ್ದದ್ದು. ಎಲ್ಲರ ಸೈಕಲ್ಲೂ ಕಪ್ಪಾಗಿದ್ದಾಗ ಜನ ಸುಮ್ಮನಿರಲಿಲ್ಲ. ಬೋರ್ಡು ಬರೆಯುವವರನ್ನು ಹಿಡಿದು ಚೈನ್ ಕವರಿನ ಮೇಲೆ ಮನೆದೇವರ ಹೆಸರನ್ನೋ ಮಗಳ ಹೆಸರನ್ನೋ ಬರೆಸಿದರು. ಫ್ರೇಮಿಗೆ ಬಣ್ಣದ ಪ್ಲಾಸ್ಟಿಕ್ ಪಟ್ಟಿಯನ್ನು ಸುತ್ತಿದರು, ರೆಕ್ಸಿನ್ ಹೊದಿಕೆ ತೊಡಿಸಿದರು. ಬಾಡಿಗೆ ಸೈಕಲ್ ಅಂಗಡಿಯವರು ತಮ್ಮ ಸೈಕಲ್ಲುಗಳು ದೂರದಿಂದಲೇ ಗುರುತು ಸಿಗಲೆಂದು ಕಣ್ಣಿಗೆ ಹೊಡೆಯುವ ಬಣ್ಣ ಬಳಿದು ಮಡ್‌ಗಾರ್ಡಿನ ಮೇಲೆ ಅಂಕಿ ಬರೆಸಿದರು. ಆಯುಧಪೂಜೆಯ ದಿನ ಅದೇ ಕಪ್ಪಿನ ಮೇಲೆ ವಿಭೂತಿ, ಕುಂಕುಮ, ಚೆಂಡುಹೂವು ಏರಿದವು. ಕಾರ್ಖಾನೆ ಒಂದೇ ಬಣ್ಣ ಕೊಟ್ಟರೂ ಮನುಷ್ಯ ಅದರ ಮೇಲೆ ತನ್ನ ಗುರುತನ್ನು ಮೂಡಿಸದೆ ಬಿಡುವುದಿಲ್ಲ ಎಂಬುದಕ್ಕೆ ಇವು ಸಾಕ್ಷಿ. ಬಣ್ಣದ ಒಲವನ್ನು ಜಾಹೀರಾತುಗಳು ಹುಟ್ಟಿಸಿದವು ಎನ್ನುವವರು ಇದನ್ನು ಮರೆಯಬಾರದು. ಒಲವು ಮೊದಲೇ ಇತ್ತು. ಮಾರುಕಟ್ಟೆ ಅದನ್ನು ಆಮೇಲೆ ಕಂಡುಕೊಂಡಿತು.

ಬಣ್ಣದ ಕಾಲ

ಬಿ.ಎಸ್.ಎ. ಎಸ್.ಎಲ್.ಆರ್.ನಂತಹ ಹಗುರ ಸೈಕಲ್ಲುಗಳು ಬಂದ ಮೇಲೆ ಕೆಂಪು, ನೀಲಿ, ಹಸಿರುಗಳು ಊರುಗಳನ್ನು ಪ್ರವೇಶಿಸಿದವು. ಹೆಣ್ಣುಮಕ್ಕಳಿಗೆಂದೇ ಲೇಡಿಬರ್ಡ್ ಬಂತು. ಗೇರುಗಳ ಸೈಕಲ್ ಬಂದಿತು; ಜೊತೆಗೆ ಲೋಹದ ಮಿನುಗಿನ ಬಣ್ಣ, ಹೊಳಪಿಲ್ಲದ ಮ್ಯಾಟ್ ಬಣ್ಣ, ಒಂದೇ ಫ್ರೇಮಿನಲ್ಲಿ ಎರಡು ಮೂರು ಬಣ್ಣಗಳ ಸಂಯೋಜನೆ, ಅದರ ಮೇಲೆ ಗೀರುಗೀರಾದ ಸ್ಟಿಕ್ಕರುಗಳು ಬಂದವು. ಇವುಗಳಲ್ಲಿ ಒಂದು ಒಳಿತನ್ನು ಗುರುತಿಸಲೇಬೇಕು. ಹಳ್ಳಿಯ ಹುಡುಗಿಯೊಬ್ಬಳು ತಾನು ತುಳಿಯುವ ಸೈಕಲ್ಲಿನ ಬಣ್ಣವನ್ನು ತಾನೇ ಆರಿಸುವುದೆಂದರೆ, ಮನೆಯಲ್ಲಿ ಒಂದು ದೊಡ್ಡ ಖರೀದಿಯ ಬಗ್ಗೆ ಅವಳ ಮಾತಿಗೆ ಬೆಲೆ ಬಂದಿದೆಯೆಂದೇ ಅರ್ಥ. ತನ್ನದೆಂದು ಅನ್ನಿಸುವ ವಸ್ತುವನ್ನು ಮಗು ಒರೆಸುತ್ತದೆ, ಎಣ್ಣೆ ಹಾಕುತ್ತದೆ, ಮಳೆಯಲ್ಲಿ ಬಿಡುವುದಿಲ್ಲ. ಪ್ರೀತಿಯಿಂದ ಕಾಪಾಡಿದ ವಸ್ತು ಹೆಚ್ಚು ಕಾಲ ಬಾಳುತ್ತದೆ. ಹೆಚ್ಚು ಕಾಲ ಬಾಳುವುದಕ್ಕಿಂತ ದೊಡ್ಡ ಪರಿಸರಧರ್ಮ ಒಂದು ವಸ್ತುವಿಗೆ ಬೇರೊಂದಿಲ್ಲ.

ಕೆಡುಕೂ ಇದೆ. ಹೆಣ್ಣುಮಕ್ಕಳಿಗೆ ಗುಲಾಬಿ ಮತ್ತು ನೇರಳೆ, ಗಂಡುಮಕ್ಕಳಿಗೆ ಕಪ್ಪು ಮತ್ತು ಕೆಂಪು ಎಂಬ ವಿಂಗಡಣೆ ಮಾರಾಟದ ಅನುಕೂಲಕ್ಕೆ ಆದದ್ದು. ಅದರಿಂದ ಅಕ್ಕನ ಸೈಕಲ್ ತಮ್ಮನಿಗೆ ದಾಟುವುದು ನಿಂತುಹೋಗುತ್ತದೆ. ಹಿಂದೆ ಒಂದು ಮನೆಯ ಸೈಕಲ್ಲನ್ನು ಅಪ್ಪನೂ ಮಗನೂ ತುಳಿಯುತ್ತಿದ್ದರು. ಈಗ ಬಣ್ಣದ ಕಾರಣಕ್ಕೇ ಸುಸ್ಥಿತಿಯ ಸೈಕಲ್ಲುಗಳು ಹಿತ್ತಿಲು ಸೇರುತ್ತಿವೆ. ಇದು ಮಕ್ಕಳ ರುಚಿಯ ದೋಷವಲ್ಲ. ರುಚಿಯನ್ನು ಎರಡು ಕಪಾಟುಗಳಲ್ಲಿ ಹಂಚಿಟ್ಟವರ ದೋಷ.

ಸರ್ಕಾರ ಬಳಿದ ಬಣ್ಣ

ಕರ್ನಾಟಕದಲ್ಲಿ 8ನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ನೀಡುವ ಯೋಜನೆ 2006-07ರಲ್ಲಿ ಆರಂಭವಾಯಿತು. ಆಗ ಉಪಮುಖ್ಯಮಂತ್ರಿಯೂ ಹಣಕಾಸು ಸಚಿವರೂ ಆಗಿದ್ದ ಬಿ.ಎಸ್. ಯಡಿಯೂರಪ್ಪನವರು ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ. ಆದ್ದರಿಂದ ಈ ಸೀಮೆಗೂ ಆ ಯೋಜನೆಗೂ ಒಂದು ಬಗೆಯ ಬಳುವಳಿಯ ಸಂಬಂಧವಿದೆ. ಒಂದೊಂದು ವರ್ಷ ಸುಮಾರು 5 ಲಕ್ಷ ಮಕ್ಕಳಿಗೆ ಸೈಕಲ್ಲುಗಳು ಹಂಚಿಕೆಯಾದವು. ಬಿಡಿಭಾಗಗಳಾಗಿ ಬಂದು, ಶಾಲೆಯ ಅಂಗಳದಲ್ಲಿ ಜೋಡಣೆಯಾಗಿ, ಸಾಲುಸಾಲಾಗಿ ನಿಂತ ಒಂದೇ ರೂಪದ ಸೈಕಲ್ಲುಗಳ ನೋಟ ಒಂದು ತಲೆಮಾರಿಗೆ ಪರಿಚಿತ. ಕೋವಿಡ್‌ನ ಶೈಕ್ಷಣಿಕ ವರ್ಷದಲ್ಲಿ ವಿತರಣೆ ನಿಂತಿತು. ಮರಳಿ ಆರಂಭಿಸಬೇಕೆಂಬ ಒತ್ತಾಯ ಆ ನಂತರ ಕೇಳಿಬರುತ್ತಲೇ ಇದೆ.

ಈ ಯೋಜನೆಯ ಮಹತ್ವವನ್ನು ಕುಗ್ಗಿಸುವ ಉದ್ದೇಶ ನಮಗಿಲ್ಲ. ಬಿಹಾರವು ಅದೇ 2006ರಲ್ಲಿ 9ನೆಯ ತರಗತಿಯ ಹೆಣ್ಣುಮಕ್ಕಳಿಗಾಗಿ ಆರಂಭಿಸಿದ ಸೈಕಲ್ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿ, ಅದರಿಂದ ಪ್ರೌಢಶಾಲೆಗೆ ದಾಖಲಾಗುವ ಹೆಣ್ಣುಮಕ್ಕಳ ಪ್ರಮಾಣ ಶೇ. 32ರಷ್ಟು ಹೆಚ್ಚಿತೆಂದು 2017ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದ್ದಾರೆ. ಬಿಹಾರದಲ್ಲಿ ಸರ್ಕಾರ ಮಕ್ಕಳಿಗೆ ಸೈಕಲ್ಲನ್ನು ಕೊಡಲಿಲ್ಲ, ಸೈಕಲ್ ಕೊಳ್ಳಲು ಹಣ ಕೊಟ್ಟಿತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಅಂಗಡಿಗೆ ಹೋಗಿ ಆರಿಸುವ ಅವಕಾಶ ಆ ಮನೆಗಳಿಗೆ ಇತ್ತು. ನಮ್ಮಲ್ಲಿ ಟೆಂಡರು ಎಲ್ಲರ ಪರವಾಗಿ ಆರಿಸಿತು.

ಟೆಂಡರಿನ ಬಣ್ಣ ಎಷ್ಟು ಬೇಗ ರಾಜಕೀಯದ ಬಣ್ಣವಾಗಬಲ್ಲದೆಂಬುದಕ್ಕೆ ರಾಜಸ್ಥಾನ ನಿದರ್ಶನ. ಅಲ್ಲಿ ಶಾಲೆಯ ಹೆಣ್ಣುಮಕ್ಕಳಿಗೆ ಕೊಡುತ್ತಿದ್ದ ಕಪ್ಪು ಸೈಕಲ್ಲುಗಳು 2017ರಲ್ಲಿ ಕೇಸರಿಯಾದವು. ಸರ್ಕಾರ ಬದಲಾದ ಮೇಲೆ 2019ರಲ್ಲಿ ಅವು ಮತ್ತೆ ಕಪ್ಪಾದವು. ಮತ್ತೊಮ್ಮೆ ಸರ್ಕಾರ ಬದಲಾದಾಗ 2024ರಲ್ಲಿ ಕೇಸರಿ ಮರಳಿತು. ಈ ಬದಲಾವಣೆಗಳ ಸುತ್ತ ನಡೆದ ವಾಗ್ವಾದದಲ್ಲಿ ಎರಡೂ ಪಕ್ಷಗಳು ಬಣ್ಣದ ಅರ್ಥವನ್ನು ಕುರಿತು ಮಾತನಾಡಿದವು. ಆ ಬಣ್ಣ ಯಾವುದರಿಂದ ತಯಾರಾದದ್ದು, ಎಷ್ಟು ವರ್ಷ ಬಾಳುತ್ತದೆ ಎಂಬುದು ಚರ್ಚೆಯ ಮುಂಚೂಣಿಗೆ ಬರಲೇ ಇಲ್ಲ.

ಆಳುವವರು ವಸ್ತುಗಳ ಮೇಲೆ ತಮ್ಮ ಗುರುತನ್ನು ಒತ್ತುವುದು ಹೊಸದೇನಲ್ಲ. ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಹುಲಿಪಟ್ಟೆ ಸೈನಿಕರ ಉಡುಪಿನ ಮೇಲೂ ಆಯುಧಗಳ ಮೇಲೂ ಇತ್ತು. ಅವು ರಾಜ್ಯದ ವಸ್ತುಗಳು, ಗುರುತು ಸಹಜ. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಸೈಕಲ್ಲುಗಳು ಒಂದೇ ಮಾದರಿಯಲ್ಲಿರುವುದೂ ಸರಿಯೇ. ಅವು ಯಾರೊಬ್ಬರವೂ ಅಲ್ಲ, ಎಲ್ಲರವು. ಆದರೆ ಮಗುವಿಗೆ ಕೊಟ್ಟ ಸೈಕಲ್ ಮಗುವಿನದು. ಕೊಟ್ಟ ಮೇಲೂ ಅದು ಕೊಟ್ಟವರ ಹೆಸರನ್ನು ಸಾರುತ್ತಲೇ ಇರಬೇಕೆಂದು ಬಯಸಿದರೆ ಅದು ದಾನವೂ ಅಲ್ಲ, ಹಕ್ಕನ್ನು ಸಲ್ಲಿಸಿದ್ದೂ ಅಲ್ಲ. ಚಲಿಸುವ ಜಾಹೀರಾತು ಫಲಕವನ್ನು ಮಗುವಿನ ಕೈಲಿ ತುಳಿಸಿದಂತೆ. ಬಡವರ ಮಕ್ಕಳಿಗೆ ಇನ್ನೂ ಒಂದು ಕಷ್ಟವಿದೆ. ಏಕರೂಪದ ಸೈಕಲ್ ‘ಇದು ಬಿಟ್ಟಿ ಬಂದದ್ದು’ ಎಂದು ದಾರಿಯುದ್ದಕ್ಕೂ ಹೇಳುತ್ತದೆ. ಮೂರು ನಾಲ್ಕು ಬಣ್ಣಗಳಲ್ಲಿ ತಯಾರಿಸಿ, ಶಾಲೆಯಲ್ಲಿ ಮಕ್ಕಳಿಗೆ ಆರಿಸಲು ಬಿಟ್ಟರೆ ತಗಲುವ ಹೆಚ್ಚಿನ ಖರ್ಚು ಅತ್ಯಲ್ಪ.

ಬಣ್ಣದ ಒಳಗೇನಿದೆ?

ಇನ್ನು ಗುಣದ ಮಾತು. ಹಳದಿ, ಕಿತ್ತಳೆ, ಕಡುಗೆಂಪು ಬಣ್ಣಗಳನ್ನು ಅಗ್ಗವಾಗಿ, ಹೊಳಪಾಗಿ, ಮಾಸದಂತೆ ತಯಾರಿಸಲು ಬಣ್ಣದ ಕಾರ್ಖಾನೆಗಳು ದೀರ್ಘಕಾಲದಿಂದ ಬಳಸಿಕೊಂಡು ಬಂದಿರುವುದು ಸೀಸದ ಕ್ರೋಮೇಟನ್ನು. ಅದೇ ಹಳದಿಗೆ ನೀಲಿಯನ್ನು ಬೆರೆಸಿದರೆ ಅಗ್ಗದ ಹಸಿರು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ವಿಷ. ಇಷ್ಟು ಪ್ರಮಾಣದವರೆಗೆ ಅಪಾಯವಿಲ್ಲ ಎಂದು ಹೇಳಬಹುದಾದ ಮಿತಿಯೇ ಅದಕ್ಕೆ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1999ರಲ್ಲಿ ದೇಶದ ದೊಡ್ಡ ನಗರಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಮೀರಿದ ಸೀಸ ಕಂಡುಬಂತು. 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದದ್ದು ದೊಡ್ಡ ಗೆಲುವು. ಆಮೇಲೆ ಉಳಿದ ಮೂಲಗಳಲ್ಲಿ ಬಣ್ಣವೂ ಒಂದು.

ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ನಿಯಮಗಳನ್ನು ಹೊರಡಿಸಿ, 2017ರ ನವೆಂಬರ್ 1ರಿಂದ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು ವಿಧಿಸಿತು. ಸ್ವಾಗತಾರ್ಹ ಕ್ರಮ. ಆದರೆ ಹೆಸರೇ ಹೇಳುವಂತೆ ಅದು ಮನೆಯ ಗೋಡೆ, ಬಾಗಿಲುಗಳ ಬಣ್ಣಕ್ಕೆ ಸಂಬಂಧಿಸಿದ್ದು. ಕಾರ್ಖಾನೆಗಳಲ್ಲಿ ಬಳಸುವ ಕೈಗಾರಿಕಾ ಬಣ್ಣಗಳಿಗೆ ಅದು ಅನ್ವಯಿಸುವುದಿಲ್ಲ. ಅಂದರೆ ಮಗು ಮಲಗುವ ಕೋಣೆಯ ಕಿಟಕಿಗೆ ಇರುವ ರಕ್ಷಣೆ, ಮಗು ದಿನವೂ ಕೈಯಲ್ಲಿ ಹಿಡಿದು ತುಳಿಯುವ ಸೈಕಲ್ಲಿಗೆ ಆ ನಿಯಮದಿಂದ ಸಿಗುವುದಿಲ್ಲ. ಸೈಕಲ್ಲುಗಳೆಲ್ಲವೂ ವಿಷಪೂರಿತವೆಂದು ನಾವು ಹೇಳುತ್ತಿಲ್ಲ. ಸೀಸವಿಲ್ಲದ ಹಳದಿ, ಕೆಂಪು, ಹಸಿರುಗಳನ್ನು ತಯಾರಿಸಬಹುದು, ಅನೇಕರು ತಯಾರಿಸುತ್ತಾರೆ, ಅದಕ್ಕೆ ಬೆಲೆ ಸ್ವಲ್ಪ ಹೆಚ್ಚು, ಅಷ್ಟೆ. ನಮ್ಮ ಮಾತು ಇಷ್ಟೆ: ಅತಿ ಕಡಿಮೆ ದರ ಹೇಳಿದವರಿಗೆ ಟೆಂಡರು ದೊರೆಯುವ ಪದ್ಧತಿಯಲ್ಲಿ, ಪ್ರಮಾಣಪತ್ರವನ್ನು ಕೇಳದಿದ್ದರೆ, ಆ ಸ್ವಲ್ಪ ಹೆಚ್ಚಿನ ಬೆಲೆಯನ್ನು ಯಾರು ತೆರುತ್ತಾರೆ?

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ರಾಜಕೀಯ ಪಕ್ಷಗಳಿಗೆ ಪ್ರಿಯವಾದ ಕೇಸರಿ, ಕೆಂಪು, ಹಸಿರು ಈ ಮೂರೂ ಸೀಸದ ಪರೀಕ್ಷೆ ಅತ್ಯಗತ್ಯವಾದ ಬಣ್ಣಗಳ ಪಟ್ಟಿಯಲ್ಲಿಯೇ ಬರುತ್ತವೆ. ಹಸಿರು ನಮ್ಮಂಥ ಪರಿಸರದವರ ಬಣ್ಣ, ಮಂಡ್ಯ ಸೀಮೆಯ ರೈತರ ಶಾಲಿನ ಬಣ್ಣ ಎಂಬ ಕಾರಣಕ್ಕೆ ಅದಕ್ಕೆ ವಿನಾಯಿತಿ ಇಲ್ಲ. ಅಗ್ಗದ ಹಸಿರು ಹೆಸರಿಗೆ ಮಾತ್ರ ಹಸಿರಾಗಿರಬಹುದು. ಮಸಿಯಿಂದಾದ ಕಪ್ಪು, ಟೈಟಾನಿಯಂ ಆಕ್ಸೈಡಿನ ಬಿಳಿ, ಸಾಮಾನ್ಯ ನೀಲಿಗಳು, ಕಬ್ಬಿಣದ ಆಕ್ಸೈಡಿನಿಂದಾದ ಕಾವಿಗೆಂಪು ಇವುಗಳಿಗೆ ಸೀಸ ಬೇಕಾಗಿಯೇ ಇಲ್ಲ. ಮಲೆನಾಡಿನ ಹಸೆ ಚಿತ್ತಾರದ ಕೆಮ್ಮಣ್ಣಿನ ಕೆಂಪು ಯಾವ ಕುಲದ್ದೋ ಈ ಕಾವಿಯೂ ಅದೇ ಕುಲದ್ದು. ಕಣ್ಣು ಕುಕ್ಕುವ ಕೆಂಪಲ್ಲ. ಆದರೆ ಬಿಸಿಲಿಗೆ ಹೆದರದ ಕೆಂಪು.

ಬಣ್ಣದ ಬಾಳಿಕೆಯನ್ನು ನಿರ್ಧರಿಸುವುದು ಮೇಲಿನ ಪದರವಲ್ಲ, ಕೆಳಗಿನದು. ಉಕ್ಕನ್ನು ಚೆನ್ನಾಗಿ ತೊಳೆದು, ಜಿಡ್ಡು ತೆಗೆದು, ಫಾಸ್ಫೇಟ್ ದ್ರಾವಣದಲ್ಲಿ ಅದ್ದಿದರೆ ಲೋಹದ ಮೈಮೇಲೆ ಸಣ್ಣ ಹರಳುಗಳ ಪದರವೊಂದು ಕೂರುತ್ತದೆ. ಬಣ್ಣ ಅದನ್ನು ಕಚ್ಚಿ ಹಿಡಿಯುತ್ತದೆ; ಗೀರು ಬಿದ್ದರೂ ತುಕ್ಕು ಪಕ್ಕಕ್ಕೆ ಬೇಗ ಹರಡುವುದಿಲ್ಲ. ಈ ಹಂತವನ್ನು ಕದ್ದರೆ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಒಂದೆರಡು ಮಳೆಗಾಲದ ನಂತರ ಬೆಸುಗೆಯ ಸಂದುಗಳಲ್ಲಿ ಬಣ್ಣ ಗುಳ್ಳೆಯೆದ್ದಾಗ ಗೊತ್ತಾಗುತ್ತದೆ. ಉಚಿತ ಸೈಕಲ್ಲುಗಳ ಗುಣಮಟ್ಟದ ಬಗ್ಗೆ ಪೋಷಕರ ದೂರುಗಳು ಪತ್ರಿಕೆಗಳಲ್ಲಿ ಪದೇ ಪದೇ ವರದಿಯಾದದ್ದನ್ನು ಓದುಗರು ಬಲ್ಲರು.

ಬಣ್ಣ ಹಚ್ಚುವ ವಿಧಾನದಲ್ಲಿಯೂ ಭೇದವಿದೆ. ದ್ರವದ ಬಣ್ಣವನ್ನು ಸಿಂಪಡಿಸಿದಾಗ ಅದರೊಳಗಿನ ಥಿನ್ನರ್ ಆವಿಯಾಗಿ ಕೆಲಸಗಾರರ ಶ್ವಾಸಕೋಶವನ್ನೂ ಸುತ್ತಲ ಗಾಳಿಯನ್ನೂ ಸೇರುತ್ತದೆ; ಗುರಿತಪ್ಪಿದ ಬಣ್ಣ ವ್ಯರ್ಥ. ಪೌಡರ್ ಕೋಟಿಂಗಿನಲ್ಲಿ ವಿದ್ಯುದಾವೇಶದಿಂದ ಒಣಪುಡಿಯನ್ನು ಲೋಹಕ್ಕೆ ಅಂಟಿಸಿ ಕುಲುಮೆಯಲ್ಲಿ ಕರಗಿಸುತ್ತಾರೆ. ಅದಕ್ಕೆ ದ್ರಾವಕ ಬೇಡ, ಕೆಳಗೆ ಬಿದ್ದ ಪುಡಿಯನ್ನು ಮರಳಿ ಬಳಸಬಹುದು, ಪದರವೂ ದಪ್ಪ. ಹ್ಯಾಂಡಲ್, ರಿಮ್ಮುಗಳ ಕನ್ನಡಿಯಂತಹ ಹೊಳಪಿನ ಹಿಂದೆ ಮಾತ್ರ ಬೇರೆಯೇ ಕಥೆಯಿದೆ. ಕ್ರೋಮಿಯಂ ಲೇಪನಕ್ಕೆ ಬಳಸುವ ದ್ರಾವಣ ಹೆಚ್ಚಾಗಿ ಷಡ್ವೇಲೆನ್ಸಿಯ ಕ್ರೋಮಿಯಂ, ಅದು ಕ್ಯಾನ್ಸರ್‌ಕಾರಕ. ದೇಶದ ಸೈಕಲ್ ರಾಜಧಾನಿಯಾದ ಲೂಧಿಯಾನದ ಬುಡ್ಢಾ ನಾಲೆ ಬಟ್ಟೆಯ ಬಣ್ಣದ ಘಟಕಗಳ ಜೊತೆಗೆ ಲೋಹಲೇಪನದ ಘಟಕಗಳ ಕೊಳಕನ್ನೂ ಹೊತ್ತು ಸಟ್ಲೆಜ್ ನದಿಗೆ ಸೇರುತ್ತದೆ. ಕಾವೇರಿಯ ದಡದಲ್ಲಿ ನಾವು ಮೆಚ್ಚುವ ಹೊಳಪಿನ ಬೆಲೆಯನ್ನು ಸಟ್ಲೆಜ್ ದಡದವರು ತೆರುತ್ತಿದ್ದಾರೆ. ಆದ್ದರಿಂದ ಹೊಳೆಯುವ ಭಾಗಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂಬುದು ನನ್ನ ವೈಯಕ್ತಿಕ ರುಚಿಯೂ ಹೌದು, ವಿವೇಕವೂ ಹೌದು.

ನಾಲ್ಕು ತಾಲ್ಲೂಕು, ನಾಲ್ಕು ಪರೀಕ್ಷೆ

ಯಾವ ಬಣ್ಣ ಮೇಲು, ಯಾವ ಹೊಳಪು ಮೇಲು ಎಂಬುದಕ್ಕೆ ಈ ನಾಲ್ಕು ತಾಲ್ಲೂಕುಗಳ ನೆಲವೇ ಪರೀಕ್ಷಾಲಯ. ಶ್ರೀರಂಗಪಟ್ಟಣದ ನಾಲಾಬಯಲಿನಲ್ಲಿ ಭತ್ತದ ಗದ್ದೆಯ ಕೆಸರು ಮಡ್‌ಗಾರ್ಡಿನ ಒಳಮೈಯನ್ನು ತಿನ್ನುತ್ತದೆ. ಪಾಂಡವಪುರದ ಕಬ್ಬಿನ ದಾರಿಗಳಲ್ಲಿ ಸೋಗೆಯ ಹೊರೆ ಉಜ್ಜಿ ಉಜ್ಜಿ ಕ್ಯಾರಿಯರಿನ ಬಣ್ಣ ಕಿತ್ತುಬರುತ್ತದೆ. ಮೇಲುಕೋಟೆಯ ಏರಿನಲ್ಲಿ ತಳ್ಳಿಕೊಂಡು ಹೋಗುವವರ ಸೈಕಲ್ಲಿಗೆ ಕಲ್ಲು ತಾಕುತ್ತದೆ. ಕೆ.ಆರ್. ಪೇಟೆಯಲ್ಲಿ ಡೇರಿಗೆ ಹೋಗುವ ಹಾಲಿನ ಕ್ಯಾನುಗಳು ಫ್ರೇಮಿಗೆ ಬಡಿಯುತ್ತವೆ. ನಾಗಮಂಗಲದಲ್ಲಿ ಬಿಸಿಲು ಮತ್ತು ಕೆಂಪು ಧೂಳು.

ಈ ಪರೀಕ್ಷೆಯಲ್ಲಿ ಮ್ಯಾಟ್ ಬಣ್ಣ ಸೋಲುತ್ತದೆ. ಅದರ ಮೈ ಸೂಕ್ಷ್ಮವಾಗಿ ಒರಟು. ಧೂಳೂ ಎಣ್ಣೆಯೂ ಅದರಲ್ಲಿ ಕೂರುತ್ತವೆ. ಬಲವಾಗಿ ಉಜ್ಜಿದರೆ ಅಲ್ಲಲ್ಲಿ ಹೊಳೆದು ಕಲೆಯಾಗುತ್ತದೆ. ಮಿನುಗುವ ಲೋಹಬಣ್ಣದಲ್ಲಿ ಅಲ್ಯುಮಿನಿಯಂ ಚೂರುಗಳಿರುತ್ತವೆ. ಅವುಗಳನ್ನು ಕಾಯಲು ಮೇಲೊಂದು ಪಾರದರ್ಶಕ ವಾರ್ನಿಷ್ ಬೇಕು. ಅದು ಕಿತ್ತರೆ ನಾಗಮಂಗಲದ ಯಾವ ಅಂಗಡಿಯಲ್ಲಿಯೂ ಅದಕ್ಕೆ ಹೊಂದುವ ಬಣ್ಣ ಸಿಗದು. ಒಂದೇ ಬಣ್ಣದ, ಹೊಳಪುಳ್ಳ, ಗಾಢವಾದ ಪದರ ಗೆಲ್ಲುತ್ತದೆ. ಕಪ್ಪು, ಕಡುನೀಲಿ, ಕಾವಿಗೆಂಪು ಇವುಗಳಲ್ಲಿ ಗೀರು ಬಿದ್ದರೆ ಹಾರ್ಡ್‌ವೇರ್ ಅಂಗಡಿಯಿಂದ ಸಣ್ಣ ಡಬ್ಬಿ ತಂದು ಮನೆಯಲ್ಲಿಯೇ ತೇಪೆ ಹಚ್ಚಬಹುದು. ದುರಸ್ತಿ ಮಾಡಬಹುದಾದ ಬಣ್ಣವೇ ಒಳ್ಳೆಯ ಬಣ್ಣ. ನನ್ನ ಒಲವು ಚಿನ್ನದ ಗೆರೆಯ ಕಪ್ಪಿನ ಕಡೆಗೆ; ಆದರೆ ಅದನ್ನು ಇನ್ನೊಬ್ಬರ ಮಗಳ ಮೇಲೆ ಹೇರಲಾರೆ. ಅವಳಿಗೆ ಹಳದಿ ಬೇಕೆಂದರೆ ಹಳದಿಯೇ ಇರಲಿ, ಸೀಸವಿಲ್ಲದ ಹಳದಿ.

ಕತ್ತಲೆಯ ಪ್ರಶ್ನೆ ಒಂದಿದೆ. ಕಪ್ಪು ಸೈಕಲ್ ರಾತ್ರಿ ಕಾಣುವುದಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳೊಂದಿಗೆ ಸೈಕಲ್ಲುಗಳಿಗೂ ಪ್ರವೇಶವಿಲ್ಲ. ಶ್ರೀರಂಗಪಟ್ಟಣದ ಸುತ್ತಲಿನ ಸವಾರರು ಸರ್ವಿಸ್ ರಸ್ತೆಯಲ್ಲಿ ಟ್ರ್ಯಾಕ್ಟರು, ಆಟೋ, ಬೈಕುಗಳ ನಡುವೆ ಸಾಗಬೇಕು. ಅಂಥಲ್ಲಿ ಕಾಣಿಸಿಕೊಳ್ಳುವುದು ಜೀವನ್ಮರಣದ ವಿಷಯ. ಆದರೆ ರಾತ್ರಿಯಲ್ಲಿ ತಿಳಿಬಣ್ಣಕ್ಕಿಂತ ಬೆಳಕನ್ನು ಹಿಂದಿರುಗಿಸುವ ಪ್ರತಿಫಲಕ ಪಟ್ಟಿ ಎಷ್ಟೋ ಪಾಲು ಹೆಚ್ಚು ಕಾಣುತ್ತದೆ. ಹಿರಿಯರ ಬಿಳಿಪಟ್ಟಿಯ ಜಾಗದಲ್ಲಿ ಇಂದು ಆ ಪಟ್ಟಿಯಿರಲಿ. ಫ್ರೇಮಿನ ಬಣ್ಣ ಇಷ್ಟಕ್ಕೆ ಬಿಟ್ಟದ್ದು.

ಹಳೆಯ ಸೈಕಲ್ಲಿಗೆ ಹೊಸ ಬಣ್ಣ

ಹೊಸದನ್ನು ಕೊಳ್ಳುವ ಬದಲು ಹಳೆಯದಕ್ಕೆ ಬಣ್ಣ ಬಳಿಸುವವರನ್ನು ನಾವು ಮೆಚ್ಚಬೇಕು. ಹತ್ತು ವರ್ಷ ಬಾಳಿದ ಉಕ್ಕು ಇನ್ನೂ ಇಪ್ಪತ್ತು ವರ್ಷ ಬಾಳೀತು. ಆದರೆ ಹಳೆಯ ಬಣ್ಣವನ್ನು ತೆಗೆಯುವ ಕೆಲಸದಲ್ಲಿಯೇ ಅಪಾಯ ಹೆಚ್ಚು. ಅದರಲ್ಲಿ ಸೀಸ ಇದ್ದಿರಬಹುದೆಂದೇ ಭಾವಿಸಿ ನಡೆಯುವುದು ಕ್ಷೇಮ. ಒಣಗಿದ್ದಾಗ ಉಜ್ಜಬಾರದು, ಕಾಗದವನ್ನೂ ಲೋಹವನ್ನೂ ನೀರಿನಲ್ಲಿ ನೆನೆಸಿ ಉಜ್ಜಬೇಕು. ಬೆಂಕಿಯ ಜ್ವಾಲೆಯಿಂದ ಸುಟ್ಟು ತೆಗೆಯಬಾರದು. ಮನೆಯ ಜಗಲಿಯಲ್ಲಿ, ಮಕ್ಕಳು ಆಡುವ ಅಂಗಳದಲ್ಲಿ, ಬಾವಿಕಟ್ಟೆಯ ಬಳಿ ಈ ಕೆಲಸ ಬೇಡ. ಕೆಳಗೆ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಉದುರಿದ್ದನ್ನು ಒಟ್ಟುಮಾಡಿ, ಚರಂಡಿಗೆ ಬಿಡದೆ ಕಟ್ಟಿಡಬೇಕು. ಮೂಗು ಬಾಯಿಗೆ ಬಟ್ಟೆಯಾದರೂ ಇರಲಿ. ಕೆಲಸ ಮುಗಿದ ಮೇಲೆ ಉಣ್ಣುವ ಮೊದಲು ಕೈ ತೊಳೆಯಬೇಕು. ಪೇಟೆಯ ಸ್ಪ್ರೇ ಪೇಂಟಿಂಗ್ ಅಂಗಡಿಗಳಲ್ಲಿ ದಿನವಿಡೀ ಥಿನ್ನರಿನ ಹೊಗೆಯಲ್ಲಿ ದುಡಿಯುವ ಹುಡುಗರಿಗೆ ಸರಿಯಾದ ಮುಖಗವಸು ಕೊಡಿಸಿ ಎಂದು ಗಿರಾಕಿಗಳಾದ ನಾವೇ ಒತ್ತಾಯಿಸಬೇಕು.

ನಾವು ಕೇಳಬೇಕಾದದ್ದು

ಸೈಕಲ್ ಯೋಜನೆ ಮರಳಿ ಬರಲಿ ಎಂದು ಬಯಸುವವರಲ್ಲಿ ನಾವೂ ಸೇರಿದ್ದೇವೆ. ಬರುವುದಾದರೆ ಟೆಂಡರಿನ ಕಾಗದದಲ್ಲಿ ಈ ಕೆಲವು ಮಾತುಗಳು ಇರಬೇಕು. ಒಂದು, ಎಲ್ಲ ಬಣ್ಣಗಳಲ್ಲಿಯೂ ಸೀಸ 90 ಭಾಗದೊಳಗಿದೆಯೆಂಬ ಸ್ವತಂತ್ರ ಪ್ರಯೋಗಾಲಯದ ಪ್ರಮಾಣಪತ್ರ. ಎರಡು, ಫಾಸ್ಫೇಟ್ ಪದರ ಮತ್ತು ಪೌಡರ್ ಕೋಟಿಂಗ್, ಜೊತೆಗೆ ಉಪ್ಪುನೀರಿನ ಮಂಜಿನಲ್ಲಿಟ್ಟು ಮಾಡುವ ತುಕ್ಕಿನ ಪರೀಕ್ಷೆ. ಮೂರು, ಹಿಂದೆ ಮುಂದೆ ಪ್ರತಿಫಲಕ. ನಾಲ್ಕು, ಕನಿಷ್ಠ ಮೂರು ಬಣ್ಣಗಳು, ಆಯ್ಕೆ ವಿದ್ಯಾರ್ಥಿಯದು, ಗಂಡು ಹೆಣ್ಣೆಂಬ ವಿಂಗಡಣೆಯಿಲ್ಲದೆ. ಐದು, ಪ್ರತಿ ಶಾಲೆಗೆ ತೇಪೆ ಹಚ್ಚಲು ಅವೇ ಬಣ್ಣಗಳ ಕೆಲವು ಡಬ್ಬಿಗಳು. ಇದರ ಜೊತೆಗೆ, ಮನೆಯ ಬಣ್ಣಗಳಿಗಿರುವ ಸೀಸದ ಮಿತಿಯನ್ನು ಕೈಗಾರಿಕಾ ಬಣ್ಣಗಳಿಗೂ ವಿಸ್ತರಿಸಬೇಕೆಂದು ಕೇಂದ್ರ ಪರಿಸರ ಸಚಿವಾಲಯಕ್ಕೆ ಬರೆಯಬೇಕು.

ಸರ್ಕಾರವನ್ನು ಕಾಯದೆ ಮಾಡಬಹುದಾದದ್ದೂ ಇದೆ. ಮುಂದಿನ ಸಲ ಸೈಕಲ್ ಅಂಗಡಿಗೆ ಹೋದಾಗ ಮಗುವಿನ ಇಷ್ಟದ ಬಣ್ಣವನ್ನು ಮಗುವೇ ಆರಿಸಲಿ. ‘ಇದರ ಬಣ್ಣದಲ್ಲಿ ಸೀಸವಿಲ್ಲವೆಂಬ ಖಾತ್ರಿಯಿದೆಯೇ? ಕೆಳಗಿನ ಪದರ ಯಾವುದು?’ ಎಂದು ಹಿರಿಯರು ಕೇಳಲಿ. ಮೊದಮೊದಲು ಅಂಗಡಿಯವರಿಗೆ ಉತ್ತರ ತಿಳಿದಿರಲಿಕ್ಕಿಲ್ಲ. ಹತ್ತು ಮಂದಿ ಕೇಳಿದರೆ ಅವರು ಸಗಟು ವ್ಯಾಪಾರಿಯನ್ನು ಕೇಳುತ್ತಾರೆ. ನೂರು ಮಂದಿ ಕೇಳಿದರೆ ಆ ಪ್ರಶ್ನೆ ಲೂಧಿಯಾನವನ್ನು ಮುಟ್ಟುತ್ತದೆ.